ಚಕ್ರ ತಿರುಗುವ ಮೊದಲು

ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ನಾನು ಲಾರಿ ಡ್ರೈವರುಗಳ ಹಾಜರಿ ಬರೆಯುತ್ತಿದ್ದೆ. ಅವರಲ್ಲಿ ಹಿರಿಯರೊಬ್ಬರು ದಿನಾ ಹೊರಡುವ ಮುನ್ನ ಅರ್ಧ ಗಂಟೆ ಟೈರು ತಟ್ಟಿ ಕಿವಿಗೊಡುತ್ತಿದ್ದರು, ನಟ್ಟು ಬಿಗಿಯುತ್ತಿದ್ದರು, ಬ್ರೇಕು ಒತ್ತಿ ನೋಡುತ್ತಿದ್ದರು. "ಗಾಡಿಗೆ ಬಾಯಿಲ್ಲ ಕಣಪ್ಪ, ನಾವೇ ಕೇಳ್ಬೇಕು" ಎನ್ನುತ್ತಿದ್ದರು. ಆ ಹೊತ್ತಿಗೆ ಸಂಬಳವಿರಲಿಲ್ಲ. ಚಕ್ರ ತಿರುಗಿದ ಮೇಲೆಯೇ ಡ್ಯೂಟಿ ಎಂಬುದು ಮಂಡಿಯ ಸಾಹುಕಾರರ ಲೆಕ್ಕ. ಹಾಗಾಗಿ ಉಳಿದ ಡ್ರೈವರುಗಳು ಏನೂ ನೋಡದೆ ಹೊರಟುಬಿಡುತ್ತಿದ್ದರು.

ಒಂದು ಸೋಮವಾರ ಬೇಲೂರಿಗೆ ಹೊರಟ ಲೋಡಿನ ಜೊತೆ ಸಾಹುಕಾರರೇ ಹಿರಿಯರ ಲಾರಿ ಹತ್ತಿದರು. ಹಿರಿಯರು ಬಂದವರೇ ಎಂಜಿನ್ ಸ್ಟಾರ್ಟ್ ಮಾಡಿದರು.

"ಏನಯ್ಯ, ಬ್ರೇಕ್ ನೋಡಿದ್ಯಾ?"

"ಎಲ್ಲಿ ಸಾಮಿ? ಡ್ಯೂಟಿನೇ ಇನ್ನೂ ಶುರುವಾಗಿಲ್ವಲ್ಲ."

ಸಾಹುಕಾರರು ಬಾಗಿಲು ತೆಗೆದು ಇಳಿದೇಬಿಟ್ಟರು. ಹಿರಿಯರು ನಗುತ್ತ ಎಂಜಿನ್ ನಿಲ್ಲಿಸಿ ಸ್ಪ್ಯಾನರ್ ಹಿಡಿದರು.

"ಈಗಿಂದ್ಲೇ ಡ್ಯೂಟಿ ಅಂತ ಬರ್ಕೊಳಯ್ಯ" ಎಂದು ಸಾಹುಕಾರರು ನನ್ನತ್ತ ಗದರಿದರು. ಆಮೇಲೆ ಸಾಲಾಗಿ ನಿಂತಿದ್ದ ಲಾರಿಗಳನ್ನು ನೋಡಿ, "ಎಲ್ಲಾರ್ಗೂವೆ" ಎಂದರು.