ಮಾಸ್ತರ ಹೆಂಡತಿಯ ಮಾತು

ಲಿಂಗಸುಗೂರಿನ ನಮ್ಮ ಓಣಿಗೆ ಕನ್ಯೆ ನೋಡಲು ಯಾರೇ ಬರಲಿ, ಮೊದಲು ನಮ್ಮ ಮನೆಗೆ ಬಂದು ಹುಡುಗಿಯ ಬಗ್ಗೆ ವಿಚಾರಿಸುತ್ತಿದ್ದರು. ಮಾಸ್ತರ ಹೆಂಡತಿ ಸುಳ್ಳು ಹೇಳುವುದಿಲ್ಲವಂತೆ! ನನಗೂ ಅದೊಂದು ಜಂಬ.

ಪಕ್ಕದ ಮನೆಯ ಹುಡುಗಿಗೆ ಆಗಾಗ ಮೂರ್ಛೆ ಬರುತ್ತಿತ್ತು. ಮನೆಯವರನ್ನು ಬಿಟ್ಟರೆ ಅದು ಗೊತ್ತಿದ್ದದ್ದು ನನಗೊಬ್ಬಳಿಗೆ. ಅವಳಿಗೆ ಸಿಂಧನೂರು ಕಡೆಯಿಂದ ಸಂಬಂಧ ಬಂತು. ಕಾಲುವೆ ನೀರಿನ ಊರು, ಎರಡು ಹೊತ್ತೂ ಅನ್ನ ಉಣ್ಣುವ ಮನೆ. ಹುಡುಗಿಯ ತಾಯಿ ಹಿತ್ತಲಿನಿಂದ ಓಡಿಬಂದು ನನ್ನ ಕೈ ಹಿಡಿದಳು.

"ಯಕ್ಕಾ, ಅದೊಂದು ಮಾತು ಹೇಳಬ್ಯಾಡ. ಹೇಳಿದ್ರ ನನ್ನ ಮಗಳು ಹಿಂಗ ಮನ್ಯಾಗ ಉಳೀತಾಳ."

ವರನ ತಾಯಿ ಬಂದು ಚಹಾ ಕುಡಿದು ಕೇಳಿದಳು, "ಹುಡುಗಿ ಹೆಂಗ್ರಿ ಅಕ್ಕಾರ?"

"ಬಂಗಾರದಂಥಾಕಿ," ಎಂದೆ. ಒಂದು ಹೆಣ್ಣಿನ ಬಾಳು ನೆಟ್ಟಗೆ ಮಾಡಿದೆನೆಂದು ಉಬ್ಬಿಹೋಗಿದ್ದೆ.

ಮದುವೆಯಾಗಿ ವರ್ಷ ತುಂಬಿರಲಿಲ್ಲ. ಒಂದು ಮಧ್ಯಾಹ್ನ ಆ ಅತ್ತೆ ಸೊಸೆಯನ್ನು ತವರಲ್ಲಿ ಬಿಟ್ಟು ಸೀದಾ ನಮ್ಮ ಮನೆಗೆ ಬಂದಳು. ಹುಡುಗಿಯನ್ನು ಬಿಟ್ಟೇ ಹೋಗಲು ಬಂದಿದ್ದಾಳೆ, ಇನ್ನು ಓಣಿಯ ಮುಂದೆ ನನ್ನ ಮಾನ ಹರಾಜು ಹಾಕುತ್ತಾಳೆ ಎಂದುಕೊಂಡೆ.

ಆಕೆ ಬೈಯಲಿಲ್ಲ. "ಅರಿಬಿ ಒಗಿಯಾಕ ಕಾಲುವಿಗೆ ಹೋಗಿದ್ಳು. ಅಲ್ಲೇ ಮೂರ್ಛೆ ಬಂದು ನೀರಾಗ ಬಿದ್ದಾಳ. ನಿರಾಶ್ರಿತರ ಕ್ಯಾಂಪಿನ ಬಂಗಾಲಿಯೊಬ್ಬ ಮೀನು ಹಿಡಿಯಾಕತ್ತಿದ್ದ, ಜಿಗಿದು ಕೂದಲಾ ಹಿಡಿದು ಎಳದಾನ. ಇಲ್ಲಾಂದ್ರ ಹೆಣಾನೂ ಸಿಗ್ತಿದ್ದಿಲ್ಲ."

ಅಯ್ಯೋ ಶಿವನೇ! "ಹೇಳಿದ್ರ ಲಗ್ನ ಮುರೀತಿತ್ತಲ್ರೀ," ಎಂದು ತೊದಲಿದೆ.

"ಯಾರಂದ್ರು ನಿಮಗ? ನನ್ನ ತಂಗಿಗೂ ಅದ ಬ್ಯಾನಿ ಐತಿ. ಹೇಳಿದ್ರೂ ಮಾಡ್ಕೊಂತಿದ್ದೆ. ಕಾಲುವಿಗೆ ಮಾತ್ರ ಒಬ್ಬಾಕಿನ್ನ ಕಳಸ್ತಿದ್ದಿಲ್ಲ. ಎಂಟು ದಿನ ತವರಾಗ ಇರ್ಲಿ, ನಾನ ಬಂದು ಕರ್ಕೊಂಡು ಹೋಗ್ತೀನಿ."

ಕಪಾಳಕ್ಕೆ ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದೆ. ಬಾಳು ಕಟ್ಟಿದೆನೆಂದು ಮೆರೆದವಳು ಅವಳನ್ನು ನೀರಿಗೆ ನೂಕಿದ್ದೆ. ನಿಜಕ್ಕೂ ಈಕೆ ಮಾಡಿಕೊಳ್ಳುತ್ತಿದ್ದಳೇ, ಇಲ್ಲ ಆಗಿದ್ದು ಆದ ಮೇಲಿನ ಮಾತೇ? ಇವತ್ತಿಗೂ ನನಗೆ ತಿಳಿಯದು.

ಹೊರಟವಳು ಹೊಸ್ತಿಲಲ್ಲಿ ನಿಂತು, ಅತ್ತಿತ್ತ ನೋಡಿ ದನಿ ತಗ್ಗಿಸಿದಳು.

"ತಂಗಿ ಮಾತು ನಿಮ್ಮ ಹೊಟ್ಟ್ಯಾಗ ಇರ್ಲಿ ಅಕ್ಕಾರ. ನನ್ನ ಮಗಳನ್ನ ನೋಡಾಕ ನಿಮ್ಮೂರಿಂದ ಬರಾಕತ್ತಾರ."

ನಾನು ಹೂಂ ಎಂದೆ.