ರೇಸಿಗಾಗಿ ಕಿತ್ತ ಹಂಪ್

ಕಳೆದ ಭಾನುವಾರ ನಾನು ರೇಸಿನ ರಸ್ತೆಯಲ್ಲಿ ಸೈಕಲ್ ಹೊಡೆದೆ. ನಗಬೇಡಿ ಮೊಮ್ಮಕ್ಕಳೇ. ಅರವತ್ತಮೂರು ವಯಸ್ಸು, ಕಾಲಿಗೆ ತೊಡರುವ ಸೀರೆ, ಹ್ಯಾಂಡಲಿಗೆ ಹಾಲಿನ ಕ್ಯಾನ್ ಸಿಕ್ಕಿಸಿದ ಲೇಡೀಸ್ ಸೈಕಲ್. ಇಷ್ಟು ಸಾಲದೇ?

(ನಿಮ್ಮಜ್ಜ ತೀರಿಕೊಂಡ ಮೇಲೆ ಡೇರಿಗೆ ಹಾಲು ಒಯ್ಯಲು ಕಲಿತದ್ದು. ಕಲಿಸಿದವಳು ನಿಮ್ಮೊಳಗೇ ದೊಡ್ಡವಳಾದ ಅಕ್ಷತಾ.)

ಹೋದ ತಿಂಗಳು ಪಾಲಬಾವಿ ಕಡೆಯಿಂದ ರಾಯಬಾಗಕ್ಕೆ ಹೋಗುವ ನಮ್ಮ ರಸ್ತೆಯ ಮೇಲೆ ದೊಡ್ಡ ಸೈಕಲ್ ರೇಸ್ ನಡೆಯಿತು. ವರ್ಷಗಟ್ಟಲೆ ಅರ್ಜಿ ಕೊಟ್ಟರೂ ಮುಚ್ಚದ ತಗ್ಗುಗಳು ನಾಲ್ಕೇ ದಿನದಲ್ಲಿ ಮುಚ್ಚಿದವು. ಹೊಸ ಡಾಂಬರು ಬಿತ್ತು. ಕೊನೆಗೆ ರಸ್ತೆ ಇಲಾಖೆಯ ಸಾಹೇಬರೊಬ್ಬರು ಬಂದು ಶಾಲೆಯ ಮುಂದಿನ ಹಂಪ್ ತೋರಿಸಿದರು.

"ಇದನ್ನ ತೆಗೀಬೇಕ್ರಿ. ಸವಾರರು ಬೀಳ್ತಾರ. ರೇಸ್ ಮುಗಿದ ಮರುದಿನಾನ ಮತ್ತ ಹಾಕಿಸ್ತೀವಿ."

ಊರ ಹೆಂಗಸರೆಲ್ಲ ರಸ್ತೆಯಲ್ಲಿ ಕೂತು ಹಾಕಿಸಿಕೊಂಡ ಹಂಪ್ ಅದು. (ನಾನೂ ಇದ್ದೆ, ಎಲ್ಲರ ಹಿಂದೆ.) ಈಗ ಯಾರಾದರೂ ಬೇಡ ಎಂದೆವೇ? ಇಲ್ಲ. ಬೀಗರು ಬರುತ್ತಾರೆಂದರೆ ಓಣಿಯನ್ನೆಲ್ಲ ಗುಡಿಸುವ ಜನ ನಾವು. ನಮ್ಮವರೇ ಟ್ರ್ಯಾಕ್ಟರ್ ತಂದು ಕಿತ್ತರು. ಕೀಳುವವರಿಗೆ ನಾನು ಮಜ್ಜಿಗೆ ಕೊಟ್ಟೆ. ಅತಿಥಿ ಎಡವಬಾರದೆಂದು ಹೊಸ್ತಿಲನ್ನೇ ಕಿತ್ತುಕೊಟ್ಟ ಶಾಣ್ಯಾರು ನಾವು.

ಸವಾರರು ಸುಂಯ್ ಎಂದು ಹೋದರು. ಒಬ್ಬರ ಮುಖವೂ ಸರಿಯಾಗಿ ಕಾಣಲಿಲ್ಲ. ಮರುದಿನ ಯಾರೂ ಬರಲಿಲ್ಲ. ಅದರ ಮರುದಿನವೂ.

ಅಕ್ಷತಾಳಿಗೆ ಮಾತ್ರ ಆ ರಸ್ತೆಯ ಹುಚ್ಚು ಹಿಡಿಯಿತು.

"ಆಯೀ, ಅವ್ರು ಹೋದಂಗ ಹೋಗೂಣು ಬಾ. ನೀ ಹಿಂದ ಬಿದ್ರ ನಾ ನಿಲ್ಲಂಗಿಲ್ಲ ನೋಡು."

"ನಿಲ್ಲಬ್ಯಾಡ. ಮೊದಲ ಮನಿ ಮುಟ್ಟಿ ರೊಟ್ಟಿ ಬಡಿದಿಡು," ಎಂದೆ.

ಸುಳ್ಳೇಕೆ ಹೇಳಲಿ, ಸುಖವಾಗಿತ್ತು. ಖಾಲಿ ಕ್ಯಾನ್ ಕೂಡ ಸದ್ದು ಮಾಡಲಿಲ್ಲ. ಶಾಲೆಯ ಹತ್ತಿರದ ಇಳಿಜಾರಿನಲ್ಲಿ ಪೆಡಲ್ ತುಳಿಯುವುದನ್ನೇ ಬಿಟ್ಟೆ. ಬ್ರೇಕ್? ನೆನಪೇ ಆಗಲಿಲ್ಲ.

ಹಿಂದಿನಿಂದ ಬಂದ ಟ್ರ್ಯಾಕ್ಟರಿಗೂ ನೆನಪಾಗಲಿಲ್ಲ. ಕಬ್ಬು ತುಂಬಿದ ಎರಡು ಟ್ರೇಲರು, ಕಿವಿ ಹರಿಯುವ ಹಾಡು. ಹಂಪ್ ಇದ್ದಾಗ ಅಲ್ಲಿ ಎಲ್ಲವೂ ನಿಂತು ನಿಂತು ಹೋಗುತ್ತಿದ್ದವು. ನಾನು ಗಾಬರಿಯಾಗಿ ರಸ್ತೆಯ ಪಕ್ಕದ ಮಣ್ಣಿಗೆ ಉರುಳಿದೆ. ಅಕ್ಷತಾ ಮುಂದಿದ್ದಳು. ಟ್ರೇಲರಿನಿಂದ ಹೊರಚಾಚಿದ ಕಬ್ಬು ಅವಳ ಜಡೆ ಸವರಿಕೊಂಡು ಹೋಯಿತು.

ಅವಳು ಅಳಲಿಲ್ಲ. ಶಾಲೆಯ ಗೇಟನ್ನೇ ನೋಡುತ್ತ, "ಆಯೀ, ನಾಳೆ ಸೋಮವಾರ," ಎಂದಳು.

ಸೋಮವಾರ ಬಸ್ ಹಿಡಿದು ಆ ಸಾಹೇಬರ ಆಫೀಸಿಗೆ ಹೋದೆ. ನಿಮಗೆ ಗೊತ್ತು, ನಾಲ್ಕು ಜನರೆದುರು ನನಗೆ ಮಾತು ಹೊರಡುವುದಿಲ್ಲ. ಸೆರಗು ತಿರುವುತ್ತ ಹಂಪಿನ ವಿಷಯ ಹೇಳಿದೆ.

"ಅಜ್ಜೀ, ಮುಂದಿನ ವರ್ಷ ಮತ್ತ ರೇಸ್ ಐತಿ. ಈಗ ಹಾಕೂದು, ಆಗ ಕೀಳೂದು, ಯಾಕ ಬೇಕ್ರಿ?"

"ಅಲ್ಲೀತನಕ ಹುಡುಗ್ರು?"

"ನೋಡಿ ದಾಟ್ಲಿ."

ನೋಡಿ ದಾಟಬೇಕಂತೆ. ಒಂದನೆಯ ತರಗತಿಯ ಕೂಸು ಟ್ರ್ಯಾಕ್ಟರಿನ ಗಾಲಿಗಿಂತ ಗಿಡ್ಡ. ಅದು ಏನು ನೋಡಬೇಕು? ಹೆಲ್ಮೆಟ್ ಹಾಕಿಕೊಂಡು, ಹಿಂದೆ ಆಂಬುಲೆನ್ಸ್ ಇಟ್ಟುಕೊಂಡು ಓಡುವವರು ಬೀಳಬಾರದು. ಪಾಟಿಚೀಲ ಹೊತ್ತವರು ಹೇಗಾದರೂ ದಾಟಿಕೊಳ್ಳಬೇಕು. ಸೈಕಲ್ ಮೇಲಿನ ಪ್ರೀತಿಯೋ? ಹಾಗಾದರೆ ಈ ಶಾಲೆಯ ದೊಡ್ಡ ಹುಡುಗಿಯರು ಬರುವುದು ವಿಮಾನದಲ್ಲೇ?

ಮಂಗಳವಾರದಿಂದ, ಶಾಲೆ ತೆರೆಯುವ ಹೊತ್ತಿಗೆ, ಬಿಡುವ ಹೊತ್ತಿಗೆ, ನನ್ನ ಸೈಕಲ್ಲನ್ನು ರಸ್ತೆಗೆ ಅಡ್ಡ ಹಿಡಿದು ನಿಲ್ಲುತ್ತಿದ್ದೇನೆ. ನೆರೆಮನೆಯ ಇಬ್ಬರು ಹೆಂಗಸರೂ ಜೊತೆಗಿದ್ದಾರೆ.

"ಏ ಮುದುಕಿ, ರಸ್ತಾ ನಿಮ್ಮಪ್ಪಂದೇನ?" ಎಂದ ಒಬ್ಬ ಡ್ರೈವರ್. ನಾನು ಸೈಕಲ್ ಸರಿಸಲಿಲ್ಲ.

ನಿನ್ನೆ ಆ ಸಾಹೇಬರ ಜೀಪೇ ಬಂದು ನಿಂತಿತು. ಒಂದನೆಯ ತರಗತಿಯವರು ಕೈಕೈ ಹಿಡಿದು ದಾಟುತ್ತಿದ್ದರು. ಹಾರ್ನ್ ಮೇಲೆ ಹಾರ್ನ್. ಸಾಹೇಬರು ಕಿಟಕಿಯಿಂದ ತಲೆ ಹೊರಹಾಕಿದರು. ಅದೆಲ್ಲಿಂದ ಬಂತೋ ನನಗೆ ಮಾತು:

"ಯಾಕ್ರಿ ಸಾಹೇಬ್ರ, ನೀವೂ ರೇಸಿನ್ಯಾಗ ಅದೀರೇನು?"