ಮುಳ್ಳು ಏರುವವರೆಗೆ

ಉಳವಪ್ಪ ಧಾರವಾಡ ಕಡೆಯವನು. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಶುರುವಾದ ಮೇಲೆ ಹೆಂಡತಿ ಮಾಲವ್ವ ಮತ್ತು ಅವಳ ತಮ್ಮ ಮಹಾಂತಪ್ಪನ ಜೊತೆ ಇಲ್ಲಿಗೆ ಬಂದ. ಜೊಯಿಡಾ ಕಾಡಿನಿಂದ ಬಿದಿರು ತರುವ ಗುತ್ತಿಗೆದಾರನೊಬ್ಬನ ಲಾರಿಗೆ ಡ್ರೈವರನಾದ. ಮಹಾಂತಪ್ಪನಿಗೆ ಲಾರಿ ಕಲಿಸಿದವನೂ ಅವನೇ.

ಅರವತ್ತರ ದಶಕದ ಮೊದಲಲ್ಲಿ ಗುತ್ತಿಗೆದಾರ ಗಾಳಿ ಬ್ರೇಕಿನ ದೊಡ್ಡ ಲಾರಿಯೊಂದನ್ನು ತಂದ. ಎಂಜಿನ್ ತಿರುಗಿದರೆ ಟ್ಯಾಂಕಿಗೆ ಗಾಳಿ ತುಂಬುತ್ತದೆ. ಪೆಡಲ್ ಒತ್ತಿದರೆ ಆ ಗಾಳಿಯೇ ಹೋಗಿ ಗಾಲಿಯನ್ನು ಹಿಡಿದು ನಿಲ್ಲಿಸುತ್ತದೆ. ಹೆಚ್ಚಾದ ಗಾಳಿ ವಾಲ್ವಿನಿಂದ ತಾನಾಗಿ ಹೊರಗೆ ಹೋಗುತ್ತದೆ. ಕಡಿಮೆಯಾದರೆ ಮಾತ್ರ ಡ್ರೈವರನೇ ನೋಡಿಕೊಳ್ಳಬೇಕು. ಉಳವಪ್ಪ ದಿನಾ ಟ್ಯಾಂಕಿನಡಿಯ ತಿರುಪು ಬಿಚ್ಚಿ ಒಳಗೆ ನಿಂತ ನೀರು ಇಳಿಸುತ್ತಿದ್ದ. ಗಾಳಿ ಮೀಟರಿನ ಮುಳ್ಳು ಗುರುತಿಗೆ ಏರುವವರೆಗೆ ಗೇರ್ ಹಾಕುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಹಿಂದಿನ ಗಾಲಿಗೆ ಗಾಳಿ ಒಯ್ಯುವ ರಬ್ಬರ್ ಪೈಪು ಸವೆದು ಬುಸುಗುಡತೊಡಗಿತು.

"ಪೈಪ್ ಬದಲೀ ಮಾಡೂತನಕ ನಾ ಘಟ್ಟ ಇಳಸೂದಿಲ್ರಿ," ಎಂದ ಉಳವಪ್ಪ.

"ಹುಬ್ಬಳ್ಳಿಯಿಂದ ಬರಬೇಕದು. ನೀ ಒಲ್ಲೆಂದ್ರ ಮಹಾಂತ ಅದಾನ," ಎಂದ ಗುತ್ತಿಗೆದಾರ.

ತಾನೇ ಒಂದು ಲಾರಿಯ ಡ್ರೈವರ್ ಆಗಬೇಕೆಂಬುದು ಮಹಾಂತಪ್ಪನ ಬಹುದಿನದ ಆಸೆ. ಹತ್ತಿ ಕೂತೇಬಿಟ್ಟ. ಉಳವಪ್ಪ ಬಾಗಿಲು ಹಿಡಿದು ನಿಂತ.

"ಇಳಿಯೋ ಮಹಾಂತಾ. ಇಳಿಜಾರಿನ್ಯಾಗ ಮ್ಯಾಲಿಂದ ಮ್ಯಾಲ ಬ್ರೇಕ್ ಒತ್ತಿದ್ರ, ತುಂಬೂದಕಿಂತ ಜಲ್ದಿ ಗಾಳಿ ಖಾಲಿ ಆಗ್ತೈತಿ."

"ಸಣ್ಣ ಗೇರಿನ್ಯಾಗ ಮೆಲ್ಲಕ ಬರ್ತೇನಿ ಮಾವಾ. ಚಿಂತಿ ಮಾಡಬ್ಯಾಡ್ರಿ."

ಗುತ್ತಿಗೆದಾರ ಉಳವಪ್ಪನ ಕೈ ಬಿಡಿಸಿದ. ಲಾರಿ ಹೊರಟಿತು.

ಸಂಜೆಗೆ ಸುದ್ದಿ ಬಂತು. ಬಿದಿರು ಹೇರಿಕೊಂಡು ಬರುವಾಗ ಇಳಿಜಾರಿನಲ್ಲಿ ಬ್ರೇಕ್ ಹಿಡಿದಿರಲಿಲ್ಲ; ಲಾರಿ ಕಂದಕಕ್ಕೆ ಬಿದ್ದಿತ್ತು. ಉಳವಪ್ಪ ಹೋಗಿ ನೋಡಿದಾಗ ಮಹಾಂತಪ್ಪನ ಕಾಲು ಇನ್ನೂ ಪೆಡಲಿನ ಮೇಲೇ ಇತ್ತು.

ಹೆಣ ಮನೆಗೆ ಬಂದಾಗ ಮಾಲವ್ವ ಅಳಲಿಲ್ಲ. ಗಂಡನನ್ನೇ ನೋಡುತ್ತ ಅಂದಳು: "ನೀವು ಒಲ್ಲೆ ಅಂದು ಉಳಕೊಂಡ್ರಿ. ಅವನ್ನ ಯಾಕ ಬಿಟ್ರಿ?"



ಉಳವಪ್ಪ ಮತ್ತೆ ಸ್ಟೇರಿಂಗ್ ಹಿಡಿಯಲಿಲ್ಲ. ಬೇರೊಬ್ಬರ ಲಾರಿಗಳು ನಿಲ್ಲುವಲ್ಲಿ ಕೆಲಸಕ್ಕೆ ಸೇರಿದ. ಪೈಪುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತಿದ್ದ. ಎದ್ದರೆ ಲಾರಿ ಹೊರಡದಂತೆ ಗಾಲಿಗೆ ಕಲ್ಲು ಕೊಡುತ್ತಿದ್ದ. ಡ್ರೈವರುಗಳು ಬೈದುಕೊಂಡರೂ ಪೈಪು ಬದಲಾಗುವವರೆಗೆ ಕಲ್ಲು ತೆಗೆಯುತ್ತಿರಲಿಲ್ಲ. ಮನೆಯಲ್ಲಿ ಮಾಲವ್ವ ಬೇಕಾದಷ್ಟೇ ಮಾತಾಡುತ್ತಿದ್ದಳು. ಮಧ್ಯಾಹ್ನದ ಬುತ್ತಿ ನೆರೆಮನೆಯ ಕಾಶೆವ್ವನ ಕೈಯಲ್ಲಿ ಬರುತ್ತಿತ್ತು.

ವರ್ಷಗಳು ಹೀಗೇ ಹೋದವು. ಒಂದು ದಿನ ಕಾಶೆವ್ವನಿಗೆ ಜ್ವರ. ಬುತ್ತಿ ಹಿಡಿದು ಮಾಲವ್ವನೇ ಬಂದಳು. ಗಂಡ ಕೈ ತೊಳೆದು ಬಂದಾಗ ಅವನ ತಲೆಯೆಲ್ಲ ನರೆತಿದ್ದನ್ನು ಬಿಸಿಲಿನಲ್ಲಿ ಕಂಡಳು. ರೊಟ್ಟಿ ಬಡಿಸಿ, ಹೋಗದೆ, ಅಲ್ಲೇ ನೆಲಕ್ಕೆ ಕೂತಳು.

"ನೀವ್ ಎಷ್ಟ್ ಹೇಳಿದ್ರೂ ಅಂವಾ ಕೇಳ್ತಿದ್ದಿಲ್ಲ ಬಿಡ್ರಿ," ಎಂದವಳು ತಮ್ಮನ ಹೆಸರು ಹಿಡಿದು ಅಳತೊಡಗಿದಳು. ಉಳವಪ್ಪ ಮುರಿದ ರೊಟ್ಟಿಯನ್ನು ಕೈಯಲ್ಲೇ ಹಿಡಿದು ಕೂತ.